ಬ್ಲೇಡಿಗಿಂತ ನಟ್ಟಿನ ಕಾಟವೇ ಜಾಸ್ತಿ

ಹುಲ್ಲು, ಪೊದೆ ಕತ್ತರಿಸುವ ಬ್ರಷ್ ಕಟ್ಟರ್ ಯಂತ್ರದ ಬ್ಲೇಡು ಮೊಂಡಾದರೆ ನನಗೆ ಬೇಜಾರಿಲ್ಲ. ಕಲ್ಲು, ಬೇರು ಇರುವ ಕಡೆ ಅದು ಆಗುವುದೇ, ಅರ ಹಾಕಿ ಉಜ್ಜಿದರೆ ಮತ್ತೆ ಹರಿತವಾಗುತ್ತದೆ. ಸಿಟ್ಟು ಬರುವುದು ಅದನ್ನು ಹಿಡಿದಿರುವ ನಟ್ಟಿನ ಮೇಲೆ! ಅದು ಇರುವುದೇ ಬ್ಲೇಡಿನ ಕೆಳಗೆ, ಹಾಗಾಗಿ ಸಿಕ್ಕ ಸಿಕ್ಕ ಕಲ್ಲಿಗೆಲ್ಲ ಉಜ್ಜಿ ಮೂಲೆಗಳು ಸವೆದು ಗುಂಡಗಾಗುತ್ತವೆ, ಆಮೇಲೆ ಹುಲ್ಲಿನ ರಸ, ಮಣ್ಣು, ತುಕ್ಕು ಎಲ್ಲ ಸೇರಿ ಕಚ್ಚಿಕೊಂಡು ಕೂರುತ್ತದೆ. ಸ್ಪಾನರ್ ಜಾರುತ್ತದೆ, ಕೈ ತರಚುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಅದು ಎಡ ಥ್ರೆಡ್ ಬೇರೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದವರು ಎಡಕ್ಕೆ ಎಳೆದೆಳೆದು ಇನ್ನೂ ಬಿಗಿ ಮಾಡಿಟ್ಟಿರುತ್ತಾರೆ. ಅಲ್ಲೇ ಒಂದು ದೊಡ್ಡ ಬಾಣದ ಗುರುತು ಹಾಕಿದರೆ ಎಷ್ಟು ಒಳ್ಳೆಯದು, ಅಲ್ವಾ?

ಇಷ್ಟೆಲ್ಲ ಆದಮೇಲೂ ಅದೇ ಸವೆದ ನಟ್ಟನ್ನು ಮತ್ತೆ ಹಾಕುವವರನ್ನು ಕಂಡರೆ ನಿಜಕ್ಕೂ ಭಯವಾಗುತ್ತದೆ. ಒಳಗೆ ನೈಲಾನ್ ಉಂಗುರ ಇರುವ ನಟ್ಟಾದರೆ, ಕೈಬೆರಳಲ್ಲೇ ಸಲೀಸಾಗಿ ಪೂರ್ತಿ ತಿರುಗುತ್ತಿದೆ ಅಂದರೆ ಅದರ ಹಿಡಿತ ಮುಗಿದಿದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡು ಕಾಲಿನ ಹತ್ತಿರ ಕಳಚಿಕೊಂಡರೆ? ಬಿರುಕು ಬಿಟ್ಟ ಬ್ಲೇಡನ್ನು ಸುಮ್ನೆ ವೆಲ್ಡ್ ಮಾಡಿಸಿ ಹಾಕುವವರೂ ಇದ್ದಾರೆ, ದಯವಿಟ್ಟು ಬೇಡ. ಮತ್ತೆ, ಕೈ ಹಾಕುವ ಮೊದಲು ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತಿಡಿ.