ಮಾರ್ಗದರ್ಶಿ ಬೇಕು, ಜೊತೆಗೆ ಎರಡು ದಿನ ಹೆಚ್ಚಿಗೆ ಬೇಕು

ಹಿಮಾಲಯಕ್ಕೆ ಹೊರಟ ಗೆಳೆಯರು ಪ್ರತಿ ಬೇಸಿಗೆಯಲ್ಲೂ ಕೇಳುತ್ತಾರೆ: ಚಾರಣ ಕಂಪನಿಯ ತಂಡದೊಂದಿಗೆ ಹೋಗುವುದೋ, ನಾವೇ ಟೆಂಟ್ ಹೊತ್ತು ನಡೆಯುವುದೋ? ಆಯಾ ಕಣಿವೆಯಲ್ಲೇ ಹುಟ್ಟಿ ಬೆಳೆದ ಒಬ್ಬ ಮಾರ್ಗದರ್ಶಿಯನ್ನು ಗೊತ್ತು ಮಾಡಿಕೊಳ್ಳಿ, ಮೂರು ನಾಲ್ಕು ಜನರೇ ಹೋಗಿ, ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ ಎನ್ನುತ್ತೇನೆ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಲುಕಿ ನಮ್ಮ ರಾಜ್ಯದ 9 ಚಾರಣಿಗರು ತೀರಿಕೊಂಡರು. ಆ ತಂಡದಲ್ಲಿ ಸ್ಥಳೀಯ ಮಾರ್ಗದರ್ಶಿಗಳೂ ಇದ್ದರು. ಯಾರನ್ನೂ ದೂರುವುದಕ್ಕೆ ಇದನ್ನು ನೆನೆಯುತ್ತಿಲ್ಲ; ಆ ಸಾವುಗಳು ಈಗಲೂ ಮನಸ್ಸನ್ನು ಕಲಕುತ್ತವೆ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತ ಎರಡೇ ದಿನದಲ್ಲಿ ನೇಪಾಳದ ಅನ್ನಪೂರ್ಣ ಸೀಮೆಯಲ್ಲಿ ಹಿಮವಾಗಿ ಸುರಿಯಿತು. 5,416 ಮೀಟರ್ ಎತ್ತರದ ಥೋರಾಂಗ್ ಲಾ ಕಣಿವೆದಾರಿಯ ಆಸುಪಾಸಿನಲ್ಲಿ ಸತ್ತವರಲ್ಲಿ ಚಾರಣಿಗರೂ ಇದ್ದರು, ಮಾರ್ಗದರ್ಶಿಗಳೂ ಇದ್ದರು. ಜೊತೆಗೊಬ್ಬರು ಬಲ್ಲವರಿದ್ದ ಮಾತ್ರಕ್ಕೆ ಬೆಟ್ಟ ಸುಮ್ಮನಿರುವುದಿಲ್ಲ.

ಆದರೂ ಮಾರ್ಗದರ್ಶಿ ಬೇಕೇ ಬೇಕು. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹೊಳೆ, ಬಿಸಿಲಿಗೆ ಹಿಮನದಿ ಕರಗಿ ಮಧ್ಯಾಹ್ನದ ಹೊತ್ತಿಗೆ ದಾಟಲಾರದಷ್ಟು ಏರುತ್ತದೆ. ಯಾವ ಹಿಮಸೇತುವೆ ಕೆಳಗಿನಿಂದ ಟೊಳ್ಳಾಗಿದೆ ಎಂಬುದು ಮೊಬೈಲ್ ನಕ್ಷೆಯಲ್ಲಿ ಇರುವುದಿಲ್ಲ. ನೇಪಾಳ 2023ರ ಏಪ್ರಿಲ್‌ನಲ್ಲಿ ಒಂಟಿ ವಿದೇಶಿ ಚಾರಣಿಗರಿಗೆ ಮಾರ್ಗದರ್ಶಿ ಕಡ್ಡಾಯ ಎಂದಾಗ ಹಲವರು ಸಿಟ್ಟಾದರು. ನಾನು ಅದರ ಪರ.

ನನ್ನ ತಕರಾರು ಇರುವುದು ದೊಡ್ಡ ತಂಡಗಳ ವೇಳಾಪಟ್ಟಿಯ ಮೇಲೆ. ಗಾಳಿ ತೆಳುವಾದ ಎತ್ತರದಲ್ಲಿ ಕಾಯಿಲೆ ಬೀಳಬಾರದೆಂದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ನಿಲ್ಲಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಹಿಂದಿನಿಂದ ಇನ್ನೊಂದು ತಂಡ ಅದೇ ಟೆಂಟ್‌ಗಳಿಗೆ ಬರುತ್ತಿರುವಾಗ ನಿಲ್ಲುವುದೆಲ್ಲಿ? ಇಪ್ಪತ್ತು ಜನರ ನಡುವೆ, ಆ ಕಾಯಿಲೆಯ ಮೊದಲ ಸೂಚನೆಯಾದ ತಲೆನೋವು ಬಂದವರು ಬಾಯಿ ಬಿಡುವುದಿಲ್ಲ. ಎಲ್ಲರ ರಜೆ ತನ್ನಿಂದ ಹಾಳಾಗಬಾರದೆಂಬ ಸಂಕೋಚದಲ್ಲೇ ಮೇಲೇರುತ್ತಾರೆ. ತಾವಾಗಿಯೇ ನಡೆಯುವವರಿಗೆ ಈ ಸಂಕೋಚವಿಲ್ಲ. ಸುಸ್ತಾದರೆ ಅಲ್ಲೇ ಉಳಿಯುತ್ತಾರೆ. ಆ ಸ್ವಾತಂತ್ರ್ಯವನ್ನು ನಾನು ತುಂಬ ಗೌರವಿಸುತ್ತೇನೆ.

ನಮ್ಮ ಪಶ್ಚಿಮ ಘಟ್ಟದ ಮಾತು ಬೇರೆ. ಕುಮಾರ ಪರ್ವತ, ಕುದುರೆಮುಖಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಆನೆ ಓಡಾಡುವ ಕಾಡಿನಲ್ಲಿ ಕದ್ದು ರಾತ್ರಿ ಕಳೆಯುವವರ ಬಗ್ಗೆ ನನಗೆ ಕಿಂಚಿತ್ತೂ ಸಹಾನುಭೂತಿ ಇಲ್ಲ.

ಹಿಮಾಲಯಕ್ಕೆ ಹೋಗುವವರು ಮಾರ್ಗದರ್ಶಿಗೂ ಹೊರೆಯಾಳುಗಳಿಗೂ ವಿಮೆ ಇದೆಯೇ ಎಂದು ಮೊದಲೇ ಕೇಳಿ. ತುದಿ ಮುಟ್ಟಿಸದಿದ್ದರೆ ಕೂಲಿ ಕಡಿಮೆಯಾದೀತು ಎಂಬ ಭಯ ಅವರಲ್ಲಿ ಎಷ್ಟೋ ಜನರಿಗೆ ಇರುತ್ತದೆ, ಆ ಭಯವೇ ಕೆಟ್ಟ ಹವೆಯಲ್ಲೂ ಮುಂದೆ ನಡೆಸುತ್ತದೆ. ಆದ್ದರಿಂದ ಮೊದಲ ದಿನವೇ ಅವರಿಗೆ ಬಾಯಿಬಿಟ್ಟು ಹೇಳಿ: ನೀವು ಎಲ್ಲಿ ಸಾಕು ಎನ್ನುತ್ತೀರೋ ಅಲ್ಲಿಂದ ಇಳಿಯುತ್ತೇವೆ, ಹಣ ಮಾತ್ರ ಪೂರ್ತಿ ಕೊಡುತ್ತೇವೆ.