ಕುದುರೆ ಬಾಲಕ್ಕೊಂದು ಬಿಲ್

ಕುದುರೆ ಕವಚ ಮತ್ತೆ ಬಂದಿದೆ. ಕಂಪ್ಯೂಟರ್ ಗೇಮ್ ಆಡುವವರಿಗೆ ಇದರ ಕಥೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ಅನ್ನ ಅರಗಲ್ಲ.

2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿಯವರು ತಮ್ಮ ‘ಆಬ್ಲಿವಿಯನ್’ ಆಟದ ಕುದುರೆಗೆ ಒಂದು ಲೋಹದ ಅಂಗಿ ಮಾಡಿಸಿ ಎರಡೂವರೆ ಡಾಲರ್‌ಗೆ ಮಾರಿದರು. ಜನ ಉಗಿದರು. ಉಗಿಯುತ್ತಲೇ ಕೊಂಡರು. 2009ರ ಏಪ್ರಿಲ್ 1ರಂದು ಕಂಪನಿ ಉಳಿದ ಸರಕಿಗೆಲ್ಲ ರಿಯಾಯಿತಿ ಕೊಟ್ಟು, ಕವಚದ ಬೆಲೆಯನ್ನು ಮಾತ್ರ ಡಬಲ್ ಮಾಡಿ ತಮಾಷೆ ಮಾಡಿತು. ನಾವೂ ನಕ್ಕೆವು. ನಗಬಾರದಿತ್ತು ಅಂತ ಈಗ ಅನ್ನಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಅದೇ ಆಟಕ್ಕೆ ಸುಣ್ಣಬಣ್ಣ ಹೊಡೆದು ಮತ್ತೆ ಬಿಟ್ಟರು. ಮಾಮೂಲಿದು ಐವತ್ತು ಡಾಲರ್. ಇನ್ನೊಂದು ಹತ್ತು ಕೊಟ್ಟರೆ ಡೀಲಕ್ಸ್. ಡೀಲಕ್ಸ್‌ನಲ್ಲಿ ಹೊಸ ಕತ್ತಿ ಇದೆ, ಹಾಡುಗಳಿವೆ, ಚಿತ್ರಗಳಿವೆ. ಜೊತೆಗೆ ಕುದುರೆಗೆ ಹೊಸ ಕವಚ.

19 ವರ್ಷ ಸ್ವಾಮಿ. ಇಷ್ಟರಲ್ಲಿ ಒಂದು ಮಗು ಹುಟ್ಟಿ, ಪಿಯುಸಿ ಮುಗಿಸಿ, ಸಿಇಟಿ ಬರೆದು, ಕೌನ್ಸೆಲಿಂಗ್‌ನಲ್ಲಿ ಸೀಟು ಸಿಗದೆ ಮನೆಯಲ್ಲಿ ಕೂತಿರುತ್ತದೆ. ಕುದುರೆ ಮಾತ್ರ ಇನ್ನೂ ಬಟ್ಟೆ ಅಂಗಡಿಯಿಂದ ಈಚೆಗೇ ಬಂದಿಲ್ಲ.

ನಾನು ಎಕ್ಸ್‌ಪ್ಯಾನ್ಷನ್, ಅಂದರೆ ಮೂಲ ಆಟಕ್ಕೆ ಆಮೇಲೆ ಸೇರಿಸಿ ಬೇರೆಯಾಗಿ ಮಾರುವ ಭಾಗ, ಅದರ ವಿರೋಧಿ ಅಲ್ಲ. ನಮ್ಮ ಕಾಲೇಜು ದಿನಗಳನ್ನೇ ಒಂದು ಎಕ್ಸ್‌ಪ್ಯಾನ್ಷನ್ ಕಾಪಾಡಿದ್ದು. 1999ರಲ್ಲಿ ಊರು ಕಟ್ಟಿ ಯುದ್ಧ ಮಾಡುವ ಆಟ ‘ಏಜ್ ಆಫ್ ಎಂಪೈರ್ಸ್’ ಎರಡನೆಯದು ಬಂದಾಗ ಆರಿಸಿಕೊಳ್ಳಲು 13 ಜನಾಂಗ ಇದ್ದವು. ಮರುವರ್ಷ ಅದರ ಎಕ್ಸ್‌ಪ್ಯಾನ್ಷನ್ ‘ಕಾಂಕರರ್ಸ್’ ಬಂತು, 18 ಆದವು. ಅದೆಲ್ಲ ಇರಲಿ, ಹೊಲದ ವಿಷಯ ಕೇಳಿ. ಮೊದಲು ಹೊಲದ ಫಸಲು ಮುಗಿದರೆ ನಾವೇ ಹೋಗಿ ಮತ್ತೆ ಬಿತ್ತಬೇಕಿತ್ತು. ಅತ್ತ ಕೋಟೆ ಬಾಗಿಲು ಒಡೆಯುತ್ತಿದ್ದಾರೆ, ಇತ್ತ ಹಳ್ಳಿಗ ಖಾಲಿ ಹೊಲದಲ್ಲಿ ಕೈಕಟ್ಟಿ ನಿಂತಿದ್ದಾನೆ. ಕಾಂಕರರ್ಸ್ ಬಂದ ಮೇಲೆ ಬಿತ್ತನೆಯ ಖರ್ಚು ಮೊದಲೇ ಕಟ್ಟಿಟ್ಟರೆ ಸಾಕು, ಅದರಷ್ಟಕ್ಕೆ ಅದೇ ಬಿತ್ತಿಕೊಳ್ಳುತ್ತಿತ್ತು. ರೈತರಿಗೆ ಇಷ್ಟು ದೊಡ್ಡ ಉಪಕಾರ ಯಾವ ಸರ್ಕಾರವೂ ಮಾಡಿಲ್ಲ. ಅದೊಂದಕ್ಕೇ ದುಡ್ಡು ಕೊಡಬಹುದಿತ್ತು.

ನಾವು ಕೊಟ್ಟಿರಲಿಲ್ಲ, ಆ ಮಾತು ಬೇರೆ. ಹಾಸನದ ಸೈಬರ್ ಕೆಫೆಯಲ್ಲಿ ಸಿಡಿ ಒರಿಜಿನಲ್ಲಾ ಅಂತ ಕೇಳಿದರೆ ಹೊರಗೆ ಹಾಕುತ್ತಿದ್ದರು. ಆಮೇಲೆ ಅಣ್ಣ ಮೊದಲ ಸಂಬಳದಲ್ಲಿ ಒರಿಜಿನಲ್ಲೇ ಕೊಡಿಸಿದ.

ಈಗಿನದು ಎಕ್ಸ್‌ಪ್ಯಾನ್ಷನ್ ಅಲ್ಲ, ಅಪಾರ್ಟ್‌ಮೆಂಟ್ ವ್ಯಾಪಾರ. ‘ಸಿಮ್ಸ್ 4’ ನೋಡಿ. ಮನೆ ಕಟ್ಟುವುದೇ ಆಟ. 2014ರ ಸೆಪ್ಟೆಂಬರ್‌ನಲ್ಲಿ ಬಿಟ್ಟಾಗ ಸ್ವಿಮ್ಮಿಂಗ್ ಪೂಲೇ ಇರಲಿಲ್ಲ. ಪುಟ್ಟ ಮಕ್ಕಳೂ ಇರಲಿಲ್ಲ, ತೊಟ್ಟಿಲಿನ ಕೂಸು ಸೀದಾ ಸ್ಕೂಲ್ ಹುಡುಗ ಆಗುತ್ತಿತ್ತು. ಗಲಾಟೆ ಆದ ಮೇಲೆ ನವೆಂಬರ್‌ನಲ್ಲಿ ಪೂಲ್ ಪುಕ್ಕಟೆ ಕೊಟ್ಟರು. ಇಲ್ಲಿ ನಾನು ಕಂಪನಿಯ ಪರ. ನಾನು ಫ್ಲ್ಯಾಟ್ ತೆಗೆದುಕೊಂಡಾಗ ಬ್ರೋಷರ್‌ನಲ್ಲಿ ನೀಲಿ ಪೂಲು, ಪಕ್ಕದಲ್ಲಿ ಜ್ಯೂಸು ಹೀರುವ ಹೆಂಗಸು, ಎಲ್ಲ ಇತ್ತು. ಎಂಟು ವರ್ಷವಾಯಿತು. ಗುಂಡಿ ಇದೆ. ಮಳೆಗಾಲದಲ್ಲಿ ನೀರೂ ಇರುತ್ತದೆ. ಕಪ್ಪೆಗಳಂತೂ ಕ್ಲಬ್‌ಹೌಸ್ ಮೆಂಬರ್‌ಶಿಪ್ ಕಟ್ಟದೇ ಈಜುತ್ತವೆ. ಬಿಲ್ಡರ್‌ಗೆ ಫೋನ್ ಮಾಡಿದರೆ “ಫೇಸ್ ಟೂನಲ್ಲಿ ಬರುತ್ತೆ ಸಾರ್” ಅನ್ನುತ್ತಾನೆ. ಕಾರ್ ಪಾರ್ಕಿಂಗ್ ಬೇರೆ, ಮೂಲೆ ಫ್ಲ್ಯಾಟ್ ಆದರೆ ಅದಕ್ಕೆ ಬೇರೆ, ಪಾರ್ಕ್ ಕಾಣುವ ಕಿಟಕಿಗೆ ಇನ್ನೂ ಬೇರೆ. ಆ ಪಾರ್ಕೂ ಫೇಸ್ ಟೂನಲ್ಲೇ ಇದೆ. ಗೇಮ್ ಕಂಪನಿಯವರು ನಮ್ಮವರಿಂದ ಕಲಿತರೋ, ಇವರು ಅವರಿಂದ ಕಲಿತರೋ, ಯಾರಾದರೂ ಕೂತು ಪಿಎಚ್‌ಡಿ ಮಾಡಬಹುದು.

ಹಾಂ, ಸಿಮ್ಸ್. 2017ರಲ್ಲಿ ನಾಯಿ ಬೆಕ್ಕು ಸಾಕಲು ಒಂದು ಎಕ್ಸ್‌ಪ್ಯಾನ್ಷನ್ ಬಂತು. ಮರುವರ್ಷ ಆ ನಾಯಿ ಬೆಕ್ಕಿಗೆ ಅಂಗಿ, ಮಂಚ ಎಲ್ಲ ಇರುವ ಇನ್ನೊಂದು ಪ್ಯಾಕ್ ಬಂತು. ಮೊದಲನೆಯದು ಕೊಳ್ಳದಿದ್ದರೆ ಎರಡನೆಯದು ಬಹಳಷ್ಟು ದಂಡ. ಬಾಲಂಗೋಚಿಗೊಂದು ಬಾಲಂಗೋಚಿ. 2022ರಿಂದ ಮೂಲ ಆಟ ಫ್ರೀ. ಮನೆ ಪುಕ್ಕಟೆ, ನಾಯಿ ಬೆಕ್ಕು ಸೇರಿಸಿಕೊಳ್ಳಬೇಕಾದರೆ ಸಾಲ ಮಾಡಿ.

ರಾಜ್ಯ ಕಟ್ಟಿ ಆಳುವ ಇನ್ನೊಂದು ಆಟ ‘ಸಿವಿಲೈಸೇಷನ್’ನ ಏಳನೆಯದು 2025ರ ಫೆಬ್ರವರಿಯಲ್ಲಿ ಬಂತು. ಅದರಲ್ಲಿ ಬ್ರಿಟನ್ ಇರಲಿಲ್ಲ. ಮಾರ್ಚ್‌ನಲ್ಲಿ ಬೇರೆ ದುಡ್ಡಿಗೆ ಮಾರಿದರು. ಇನ್ನೂರು ವರ್ಷ ಕರೆಯದೇ ಬಂದು ಕೂತಿದ್ದವರು. ಈಗ ದುಡ್ಡು ಕೊಟ್ಟು ಕರೆಸಿಕೊಳ್ಳಬೇಕಂತೆ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಏಜ್ ಆಫ್ ಎಂಪೈರ್ಸ್‌ನಲ್ಲಿ ‘ಇಂಡಿಯನ್ಸ್’ ಅಂತ ಬಹಳ ಕಾಲ ಒಂದೇ ಜನಾಂಗ ಇತ್ತು. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲರೂ ಒಂಟೆ ಮೇಲೆ. 2022ರ ಏಪ್ರಿಲ್‌ನಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಬಂದು ಹಿಂದೂಸ್ತಾನಿ, ಬೆಂಗಾಲಿ, ಗುರ್ಜರ, ದ್ರಾವಿಡ ಅಂತ ನಾಲ್ಕು ಪಾಲು ಮಾಡಿತು. ಹತ್ತು ಡಾಲರ್. ಕೊಂಡೆ. ದ್ರಾವಿಡರನ್ನೇ ಆರಿಸಿಕೊಂಡೆ. ಹಳ್ಳಿಗನ ಮೇಲೆ ಕ್ಲಿಕ್ ಮಾಡಿದರೆ ತಮಿಳಿನಲ್ಲಿ ಓಗೊಟ್ಟ. ಬೇಜಾರಿಲ್ಲ, ನಾಲ್ಕು ಭಾಷೆಯವರನ್ನು ಒಂದೇ ಬಸ್ಸಿಗೆ ಹತ್ತಿಸಿದರೆ ಯಾರಾದರೊಬ್ಬರು ಕಿಟಕಿ ಪಕ್ಕ ಕೂರಲೇಬೇಕು. ಕಥೆಯಲ್ಲಿ ರಾಜೇಂದ್ರ ಚೋಳ ಇದ್ದಾನೆ. ಇಮ್ಮಡಿ ಪುಲಕೇಶಿಗೆ ಸೀಟಿಲ್ಲ. ಆದರೆ ಆಟದಲ್ಲಿ ದ್ರಾವಿಡರು ಕಲಿಯುವ ಕೊನೆಯ ವಿದ್ಯೆಯ ಹೆಸರು ‘ವೂಟ್ಜ್ ಸ್ಟೀಲ್’. ಅದನ್ನು ಕಲಿತರೆ ನಮ್ಮ ಕತ್ತಿ ಎದುರಾಳಿಯ ಕವಚವನ್ನು ಲೆಕ್ಕಕ್ಕೇ ಇಡಲ್ಲ. ವೂಟ್ಜ್ ಅಂದರೆ ನಮ್ಮ ‘ಉಕ್ಕು’ ಅಂತ ಇಂಗ್ಲಿಷ್ ನಿಘಂಟಿನವರೇ ಬರೆದಿದ್ದಾರೆ. ಅಂತೂ ನಮ್ಮ ಪದ ನಮಗೆ ವಾಪಸ್ ಬಂತು, ಡಾಲರ್ ಲೆಕ್ಕದಲ್ಲಿ.

ಒಳ್ಳೆಯ ಕುದುರೆ ಮಾತ್ರ ಕೊಡಲಿಲ್ಲ. ಆ ನಾಲ್ಕೂ ಜನಾಂಗಕ್ಕೆ ನೈಟ್, ಅಂದರೆ ಕವಚ ತೊಟ್ಟ ಕುದುರೆ ಸವಾರ, ಇಲ್ಲ. ದ್ರಾವಿಡರ ಕುದುರೆ ಲಾಯವಂತೂ ಬಡಕಲು ಅಂತ ಆಡಿದವರಿಗೆಲ್ಲ ಗೊತ್ತು. ಕುದುರೆಗೋಸ್ಕರ ಬೊಕ್ಕಸ ಸುರಿದ ವಿಜಯನಗರ ಇದೇ ನೆಲದಲ್ಲಿತ್ತು ಅನ್ನುವುದನ್ನು ಆಟ ಮಾಡಿದವರಿಗೆ ಯಾರೂ ಹೇಳಿಲ್ಲ.

ಆ ವಿಜಯನಗರದ ರಾಜ ಸಾಳುವ ನರಸಿಂಹನ ಬಗ್ಗೆ ನ್ಯೂನಿಜ್ ಬರೆದದ್ದು ನಿಮಗೆ ನೆನಪಿರಬಹುದು. ನ್ಯೂನಿಜ್ ಪೋರ್ಚುಗೀಸ್, ಕುದುರೆ ವ್ಯಾಪಾರದವನು. ಹೊರ್ಮುಜ್‌ನಿಂದ, ಏಡನ್‌ನಿಂದ ಹಡಗಿನಲ್ಲಿ ಕುದುರೆ ಬರುತ್ತಿದ್ದವು. ಪರ್ದಾವ್ ಅಂದರೆ ಆಗಿನ ಚಿನ್ನದ ನಾಣ್ಯ; ಸಾವಿರ ಪರ್ದಾವ್‌ಗೆ ಮೂರು ಕುದುರೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಬದುಕಿದ್ದ ಕುದುರೆಯ ದುಡ್ಡೇ ಸಿಗುತ್ತಿತ್ತು. ಇದನ್ನು ಓದಿದಾಗ ಎಂಥ ಭೋಳೆ ರಾಜ ಅಂತ ನಗು ಬಂದಿತ್ತು. ಈಗ ಆತನ ಮೇಲೆ ಗೌರವ ಬರುತ್ತಿದೆ. ಆತನಿಗೆ ಬಾಲವಾದರೂ ಸಿಕ್ಕಿತ್ತು.

ಯಾಕೆ ಹೇಳಿದೆ ಅಂದರೆ, ಯೂಬಿಸಾಫ್ಟ್‌ನವರ ‘ದಿ ಕ್ರೂ’ ಅಂತ ಒಂದು ಕಾರ್ ಆಟ ಇತ್ತು. 2014ರದ್ದು. ಪೂರ್ತಿ ದುಡ್ಡು ಕೊಟ್ಟು ಜನ ಕೊಂಡಿದ್ದರು, ಅದರ ಎಕ್ಸ್‌ಪ್ಯಾನ್ಷನ್‌ಗಳನ್ನೂ ಕೊಂಡಿದ್ದರು. 2024ರ ಮಾರ್ಚ್ 31ಕ್ಕೆ ಸರ್ವರ್, ಅಂದರೆ ಆಟ ನಡೆಸುವ ಕಂಪನಿಯ ಕಂಪ್ಯೂಟರ್, ಬಂದ್ ಮಾಡಿದರು. ಒಬ್ಬನೇ ಕೂತು ಆಡುತ್ತೇನೆ ಅಂದರೂ ಇಲ್ಲ. ಆಮೇಲೆ ಕೊಂಡವರ ಖಾತೆಯಿಂದ ಆಟದ ಹಕ್ಕನ್ನೇ ಕಿತ್ತುಕೊಂಡರು. ಇದರಲ್ಲಿ ತಮಾಷೆ ಏನೂ ಇಲ್ಲ, ಹುಡುಕಬೇಡಿ. ಅಂಗಡಿಯವನು ಹತ್ತು ವರ್ಷದ ಮೇಲೆ ಮನೆಗೆ ಬಂದು ಮಿಕ್ಸಿ ಎತ್ತಿಕೊಂಡು ಹೋದರೆ ಕಳ್ಳತನ ಅನ್ನುತ್ತೇವೆ. ಇದಕ್ಕೆ ಷರತ್ತು ಅನ್ನುತ್ತಾರೆ. ಕೊಂಡರೆ ಸಿಗುವುದು ಲೈಸೆನ್ಸು, ಅಂದರೆ ಆಡುವ ಅನುಮತಿ ಅಂತ ಈಗ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನವರು ದುಡ್ಡು ಕಟ್ಟುವ ಜಾಗದಲ್ಲೇ ಬರೆದಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಹೇಳಲೇಬೇಕು ಅಂತ ಕಾನೂನು ಬಂದ ಮೇಲೆ ಬಂದ ಸತ್ಯ ಅದು. ಬಟನ್ ಮೇಲೆ ಮಾತ್ರ ‘ಕೊಳ್ಳಿ’ ಅಂತಲೇ ಇರುತ್ತದೆ. ಸಾಕಾಗಿದೆ ನನಗೆ.

ಮೊನ್ನೆ ಊರಿಗೆ ಹೋಗಿದ್ದೆ. ಅಕ್ಕನ ಮಗ ಜೊತೆಗಿದ್ದ. ಅವನ ಫೋನಿನ ಆಟದಲ್ಲಿ ಎಷ್ಟು ಅಂಗಿ ಕೊಂಡಿದ್ದಾನೆ ಅಂತ ಅವನ ಅಪ್ಪನಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ. “ಮಾಮ, ನಿಮ್ಮ ಕಾಲದ ಕಾಂಕರರ್ಸ್ ಈಗಲೂ ಇದೆಯಾ?” ಅಂದ. ಬೀರು ಪೂರ್ತಿ ಹುಡುಕಿದೆ. ಡಬ್ಬ ಸಿಕ್ಕಿತು, ಒಳಗೆ ಸಿಡಿ ಇರಲಿಲ್ಲ. ಅಮ್ಮನನ್ನು ಕೇಳಿದರೆ ಹಿತ್ತಿಲು ತೋರಿಸಿದರು. ಗಿಳಿ ಬರದಿರಲಿ ಅಂತ ಸೀಬೆ ಮರಕ್ಕೆ ದಾರ ಕಟ್ಟಿ ನೇತುಹಾಕಿದ್ದಾರೆ. ಬಿಸಿಲಿಗೆ ಫಳಫಳ ಅಂತ ತಿರುಗುತ್ತಿತ್ತು.

“ಮೂರು ವರ್ಷ ಆಯ್ತು ಕಣೋ,” ಅಂದರು ಅಮ್ಮ, “ಒಂದು ಕಾಯಿ ಹೋಗಿಲ್ಲ.”