ಟಿಬಿ ಅಂದರೆ ಬರೀ ಕೆಮ್ಮಲ್ಲ

ಮದುವೆಯಾದ ಮೇಲೆ ಆರು ವರ್ಷ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತೆ, ಅರಳಿಕಟ್ಟೆ ಸುತ್ತಿದೆ. ಸೀಮಂತದ ಮನೆಗಳಲ್ಲಿ ಮಡಿಲು ತುಂಬುವಾಗ ನನ್ನನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಒಂದು ಐವಿಎಫ್ (ಪ್ರನಾಳ ಶಿಶು) ಸೆಂಟರ್‌ನಲ್ಲಿ ಮೊದಲ ದಿನವೇ ಪ್ಯಾಕೇಜ್ ರೇಟ್ ಹೇಳಿದರು. ಅಲ್ಲಿ ಯಾರೂ ಕೇಳದ್ದನ್ನು ವಿಜಯನಗರದ ಹಿರಿಯ ಡಾಕ್ಟರಮ್ಮ ಕೇಳಿದರು: "ಮನೇಲಿ ಯಾರಿಗಾದ್ರೂ ಟಿಬಿ ಬಂದಿತ್ತೇನಮ್ಮಾ?"

ಬಂದಿತ್ತು, ತಾತನಿಗೆ. ಅವರ ಮಂಚದ ಪಕ್ಕ ಕೂತೇ ನಾವು ಅಕ್ಕತಂಗಿಯರು ಹೋಂವರ್ಕ್ ಮಾಡುತ್ತಿದ್ದೆವು. ನನಗೆ ಒಂದು ದಿನವೂ ಕೆಮ್ಮು ಬರಲಿಲ್ಲ. ಆದರೆ ಉಸಿರಿನಲ್ಲಿ ಒಳಹೋದ ಆ ಬ್ಯಾಕ್ಟೀರಿಯಾ ರಕ್ತದ ಮೂಲಕ ಅಂಡನಾಳ, ಅಂದರೆ ಅಂಡಾಣು ಗರ್ಭಕೋಶಕ್ಕೆ ಹೋಗುವ ಟ್ಯೂಬ್, ಸೇರಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದಂತೆ. ಮುಟ್ಟು ಕಡಿಮೆಯಾಗಿದ್ದೊಂದೇ ನನಗೆ ಸಿಕ್ಕ ಸುಳಿವು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಿದಾಗ ಟಿಬಿ ಗೊತ್ತಾಯಿತು. ಎಕ್ಸ್‌ರೇಯಲ್ಲಿ ಎರಡೂ ಟ್ಯೂಬ್ ಬ್ಲಾಕ್. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಆರು ತಿಂಗಳು ಪುಕ್ಕಟೆ ಮಾತ್ರೆ ಕೊಟ್ಟರು. ರೋಗ ಹೋಯಿತು, ಟ್ಯೂಬ್ ತೆರೆಯಲಿಲ್ಲ. ಗಾಯ ಒಣಗಿ ಕಲೆಗಟ್ಟಿದ ಮೇಲೆ ಯಾವ ಆ್ಯಂಟಿಬಯೋಟಿಕ್ಕೂ ಅದನ್ನು ಸರಿಮಾಡಲಾರದು. ಇನ್ನೂ ನನ್ನನ್ನು ಸುಡುವುದು ಇದೇ.

ಕ್ಲಮೈಡಿಯಾದ್ದೂ ಹೀಗೇ. ದೈಹಿಕ ಸಂಪರ್ಕದಿಂದ ಹರಡುವ ಈ ಸೋಂಕು ಬಹಳಷ್ಟು ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಮೇಲೇರಿ ಟ್ಯೂಬ್ ಕೆಡಿಸಬಹುದು. ಬೇಗ ಗೊತ್ತಾದರೆ ಒಂದು ವಾರದ ಮಾತ್ರೆಗೆ ಹೋಗುತ್ತದೆ, ಆದರೆ ಗಂಡನೂ ನುಂಗಬೇಕು, ಇಲ್ಲದಿದ್ದರೆ ಮತ್ತೆ ಅಂಟುತ್ತದೆ. ಗಂಡಸರಿಗೂ ಸೋಂಕಿನಿಂದ ವೀರ್ಯ ಕೆಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಬಂಜೆತನದ ಸಮಸ್ಯೆ ಬರುತ್ತದೆ. ಹಾಗಿದ್ದೂ ನಮ್ಮಲ್ಲಿ ಫೈಲು ಹಿಡಿದು ಅಲೆಯುವವಳು ಹೆಂಡತಿ ಮಾತ್ರ!

ಬ್ಯಾಕ್ಟೀರಿಯಾ ಅಂದ ತಕ್ಷಣ ಗಾಬರಿಯಾಗಿ ಪರಿಮಳದ ಲಿಕ್ವಿಡ್ ಹಾಕಿ ಒಳಗೆಲ್ಲ ತೊಳೆಯಬೇಡಿ. ಯೋನಿಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೆಯ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸಿ ನಮ್ಮನ್ನು ಕಾಯುತ್ತದೆ, ತೊಳೆದರೆ ಅದೇ ಹೋಗುತ್ತದೆ. ಬಿಳಿ ಸೆರಗು ಎಲ್ಲವೂ ರೋಗವಲ್ಲ. ವಾಸನೆ, ತುರಿಕೆ, ಕಿಬ್ಬೊಟ್ಟೆ ನೋವು ಇದ್ದರೆ ನಾಚಿಕೆ ಬಿಟ್ಟು ತೋರಿಸಿ. ಇನ್ನು ಗರ್ಭಕೋಶದ ಬ್ಯಾಕ್ಟೀರಿಯಾ ಎಣಿಸುವ ದುಬಾರಿ ಟೆಸ್ಟ್ ಬರೆದುಕೊಟ್ಟರೆ, ಅದರಿಂದ ನನ್ನ ಚಿಕಿತ್ಸೆ ಏನು ಬದಲಾಗುತ್ತದೆ ಅಂತ ಮೊದಲು ಕೇಳಿ. ಆ ಸಂಶೋಧನೆ ಇನ್ನೂ ನಡೆಯುತ್ತಿದೆ.

ನನ್ನ ಜೊತೆ ತಾತನ ಮಂಚದ ಪಕ್ಕ ಕೂತಿರುತ್ತಿದ್ದ ತಂಗಿಗೆ ಮದುವೆಯಾಗಿ ಎರಡು ವರ್ಷ. ಗುರುವಾರ ಅವಳನ್ನೂ ಅವಳ ಗಂಡನನ್ನೂ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.